ಮಣಿಕಟ್ಟಿನವರೆಗಿನ ಅಪ್ಪ

ಕಳೆದ ವಾರ ನಮ್ಮ ಪಡಸಾಲೆಗೆ ಬಣ್ಣ ಹೊಡೆಸಿದೆವು. ಗೋಡೆಯ ಮೇಲಿನದನ್ನೆಲ್ಲ ಇಳಿಸಿ ಕಟ್ಟೆಗೆ ಒರಗಿಸುತ್ತಿದ್ದ ಪೇಂಟರ್ ಹಸೇನಸಾಬ ಒಂದು ಚೌಕಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ಬಂದು, "ಅಜ್ಜಾರ, ಈ ನಾಯಿ ಫೋಟೋ ತಿರಗಿ ಹಾಕೂದೈತೇನ್ರಿ, ಇಲ್ಲಾ ಅಟ್ಟಕ್ಕ ಒಗೀಲಿ?" ಎಂದು ಕೇಳಿದ. ಗಾಜಿನ ಮೇಲೆ ಬೂದಿ ಮೆತ್ತಿದಂತೆ ಬಿಳಿ ಕಲೆ. ಅವನ ಇನ್ನೊಂದು ಕೈಯಲ್ಲಿ ಒದ್ದೆ ಅರಿವೆ. "ಒರಸಬ್ಯಾಡೋ!" ಎಂದು ನಾನು ಎಷ್ಟು ಜೋರಾಗಿ ಕೂಗಿದೆನೆಂದರೆ, ಒಳಗಿನಿಂದ ಹೆಂಡತಿ ಓಡಿ ಬಂದಳು.

ಆ ನಾಯಿಯ ಸಂಗತಿ ನಿಮಗೆ ಹೇಳಬೇಕು. ಅದಕ್ಕೂ ಮೊದಲು ನನ್ನ ಕಸುಬಿನ ಮಾತು. ನಾನು ಚಿತ್ರ ಬರೆದು ಬದುಕಿದವನು. ದೊಡ್ಡ ಕಲಾವಿದ ಎಂದುಕೊಳ್ಳಬೇಡಿ. ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಇಳಕಲ್ಲಿನ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಖೋಲಿ ಇತ್ತು. ಒಳಗೆ ಅಗಸೆ ಎಣ್ಣೆಯ ವಾಸನೆ, ಹೊರಗೆ ಡೀಸೆಲ್ಲಿನ ವಾಸನೆ. ಹುನಗುಂದ, ಬಾದಾಮಿ, ಬಾಗಲಕೋಟೆಗಳಿಂದ ಜನ ತೀರಿಕೊಂಡ ಹಿರಿಯರನ್ನು ಬರೆಸಲು ಬರುತ್ತಿದ್ದರು. ಎಷ್ಟೋ ಜನರ ಹತ್ತಿರ ಫೋಟೋ ಇರುತ್ತಿರಲಿಲ್ಲ. ಆಗ ನಾನೇ ಅವರ ಮನೆಗೆ ಹೋಗಿ, ಮಕ್ಕಳು ಮೊಮ್ಮಕ್ಕಳನ್ನು ಅಂಗಳದಲ್ಲಿ ಸಾಲಾಗಿ ಕೂರಿಸಿ, ಸತ್ತವರ ಮುಖವನ್ನು ಬದುಕಿದ್ದವರಿಂದ ತುಣುಕು ತುಣುಕಾಗಿ ಎತ್ತಿಕೊಳ್ಳುತ್ತಿದ್ದೆ. ಮೂಗು ಹಿರಿಯ ಮಗನದು, ಹುಬ್ಬು ಮಗಳದು, ಗದ್ದ ತಮ್ಮನದು.

ಹುನಗುಂದದ ಒಂದು ಮನೆಯಲ್ಲಿ ಅಪ್ಪನ ಮೂಗು ತನ್ನದೇ ಎಂದು ಅಣ್ಣತಮ್ಮಂದಿರಿಬ್ಬರೂ ಹಟ ಹಿಡಿದರು. ಹೊಲ ಪಾಲಾಗುವಾಗಲೂ ಅವರು ಅಷ್ಟು ಜಗಳವಾಡಿರಲಿಲ್ಲವಂತೆ. ಕೊನೆಗೆ ಮೂಗಿನ ದಂಡೆ ಅಣ್ಣನದು, ಹೊಳ್ಳೆ ತಮ್ಮನದು ಎಂದು ತೀರ್ಮಾನವಾಯಿತು. ಚಿತ್ರ ಮುಗಿಸಿ ಒಯ್ದಾಗ ಅವರ ತಾಯಿ, "ಹೌದು, ಇವರ ನೋಡು" ಎಂದು ಸೆರಗನ್ನು ಬಾಯಿಗೆ ಹಿಡಿದಳು. ಅಂಥ ಹೊತ್ತಿನಲ್ಲಿ ನಾನು ಬ್ರಹ್ಮದೇವರ ಕೈಕೆಳಗಿನ ಕಾರಕೂನ ಎನ್ನಿಸಿ ಎದೆ ಉಬ್ಬುತ್ತಿತ್ತು.

ಪ್ರಾಣಿಗಳನ್ನೂ ಬರೆದೆ. ಬಾದಾಮಿ ಕಡೆಯ ರೈತನೊಬ್ಬ ಎತ್ತಿನ ಕೋಡಿಗೆ ಎಣ್ಣೆ ಸವರಿ ನಿಲ್ಲಿಸಿದ. ಪಕ್ಕದಲ್ಲಿ ನೀವೂ ನಿಲ್ಲಿ ಎಂದರೆ ಒಪ್ಪಲಿಲ್ಲ. "ನನ್ನ ಮಾರಿ ಯಾರ್ ನೋಡ್ತಾರ್ರಿ? ಬಸ್ಯಾನ ಡುಬ್ಬ ಅಷ್ಟ ಚಂದ ಬರ್ಲಿ" ಎಂದು ಎತ್ತಿನ ಹಿಣಿಲು ತಟ್ಟಿದ. ಬಾಗಲಕೋಟೆಯ ಟೀಚರಮ್ಮ ಒಬ್ಬರು ತಮ್ಮ ಬೆಕ್ಕಿನ ಚಿತ್ರವನ್ನು ಎರಡು ಸಲ ತಿದ್ದಿಸಿದರು. ಅದರ ಮುಖದಲ್ಲಿ ಸೊಕ್ಕು ಸಾಲದಂತೆ! ಮನುಷ್ಯರ ಚಿತ್ರದಲ್ಲಿ ಮೂಗು ಸರಿಯಿದ್ದರೆ ಸಾಕು. ಪ್ರಾಣಿ ಸಾಕಿದವರಿಗೆ ಅದರ ಸ್ವಭಾವವೇ ಬೇಕು.

ನನ್ನ ಅಪ್ಪ ನೇಕಾರ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತರೆ ಊಟದ ಹೊತ್ತಿಗೇ ಏಳುತ್ತಿದ್ದ. ಪಕ್ಕದಲ್ಲಿ ಕೆಂಚ ಎಂಬ ನಾಯಿ ಮಲಗಿರುತ್ತಿತ್ತು. ಅದರ ಉದ್ದ ಕಾಲುಗಳಷ್ಟೇ ಮುಧೋಳದವು, ಉಳಿದದ್ದೆಲ್ಲ ನಮ್ಮ ಓಣಿಯದು. ಅಪ್ಪ ನನ್ನ ಜೊತೆ ಆಡಿದ್ದಕ್ಕಿಂತ ಹೆಚ್ಚು ಮಾತನ್ನು ಆ ನಾಯಿಯ ಜೊತೆ ಆಡಿದ್ದಾನೆ. ನನ್ನ ಕಸುಬು ಅವನಿಗೆ ಸೇರುತ್ತಿರಲಿಲ್ಲ. ಮಗ್ಗ ಬಿಟ್ಟ ಮಗ ಎಂಬ ಮುನಿಸು ಮನೆಯಲ್ಲಿ ಒಂದು ಆಳಿನಂತೆ ಓಡಾಡಿಕೊಂಡಿತ್ತು.

ಒಂದು ದಿನ ಧೈರ್ಯ ಮಾಡಿ, "ಅಪ್ಪಾ, ನಿನ್ನ ಚಿತ್ರ ಬರೀತೇನಿ" ಎಂದೆ.

"ಚಿತ್ರ ಇರೂದು ಸತ್ತವರದು. ನನ್ನ ಗ್ವಾಡಿಗೆ ತೂಗಹಾಕಾಕ ನಿನಗೇನ್ ಅವಸರ ಬಿದ್ದೈತಿ?" ಎಂದ. ನಾನು ಮುಖ ಸಣ್ಣ ಮಾಡಿದ್ದನ್ನು ನೋಡಿಯೋ ಏನೋ, "ಬೇಕಂದ್ರ ನಾಯಿದ ಬರಿ" ಎಂದು ಸೇರಿಸಿದ.

ಆದರೆ ಕೆಂಚ ನಿಂತಲ್ಲಿ ನಿಲ್ಲುವ ನಾಯಿಯಲ್ಲ. ಅಪ್ಪ ತಲೆಯ ಮೇಲೆ ಕೈ ಇಟ್ಟರೆ ಮಾತ್ರ ಕಲ್ಲಿನ ಬಸವಣ್ಣ. ಹಾಗಾಗಿ ದಿನಾ ಮಧ್ಯಾಹ್ನ ಉಂಡ ಮೇಲೆ ಅಪ್ಪ ಮಗ್ಗದ ಕಟ್ಟೆಗೆ ಕೂತು ಅದರ ತಲೆಯ ಮೇಲೆ ಬಲಗೈ ಇಡತೊಡಗಿದ. "ಕೈ ಅಷ್ಟ ಬರಿ. ಮಣಿಕಟ್ಟ ದಾಟಿ ಮ್ಯಾಲ ಬಂದಿ ಅಂದ್ರ ನೋಡು ಮತ್ತ" ಎಂದು ಕರಾರು ಹಾಕಿದ. ಏಳುವಾಗ ಬಗ್ಗಿ ಚಿತ್ರ ನೋಡಿ, ನಾನು ಗಡಿ ದಾಟಿಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಿದ್ದ. ಮಗನ ಕೆಲಸ ನೋಡಲು ಅದೊಂದು ನೆವವೆಂದು ಈಗ ತಿಳಿಯುತ್ತದೆ. ಆಗ ನನಗೆ ಸಿಟ್ಟು ಬರುತ್ತಿತ್ತು.

ಎಂಟನೆಯ ದಿನ ನಾಯಿ ಮುಗಿಯಿತು. ಕೈಯೂ ಚೆನ್ನಾಗಿಯೇ ಬಂದಿತ್ತು. ಲಾಳಿಯ ಹಗ್ಗ ಜಗ್ಗಿ ಜಗ್ಗಿ ತೋರುಬೆರಳಿನ ಬುಡದಲ್ಲಿ ಕಟ್ಟಿದ್ದ ಗಂಟು ಕೂಡ ಬಿಡದೆ ಬರೆದಿದ್ದೆ. ಕೆಂಚ ಮೈ ಝಾಡಿಸಿ ಹೊರಗೆ ಹೋಯಿತು. ಅಪ್ಪ ಮಾತ್ರ ಎದ್ದಿರಲಿಲ್ಲ.

"ಮುಗೀತೇನ?" ಎಂದ.

"ಮುಗೀತಪಾ" ಎಂದೆ, ತಲೆಯೆತ್ತದೆ ಬ್ರಶ್ ತೊಳೆಯುತ್ತ.

ಸ್ವಲ್ಪ ಹೊತ್ತು ಹಾಗೇ ಕೂತಿದ್ದ. ಆಮೇಲೆ, "ಹಂಗಾರ ಏಳ್ತೇನಿ" ಎಂದು ಎದ್ದು ಒಳಗೆ ಹೋದ.

ಮರುವರ್ಷದ ಬೇಸಿಗೆಯಲ್ಲಿ ಮೂರು ದಿನದ ಜ್ವರದಲ್ಲಿ ಅಪ್ಪ ಹೋಗಿಬಿಟ್ಟ. ಮನೆಯಲ್ಲಿ ಅವನದೊಂದು ಫೋಟೋ ಇಲ್ಲ. "ಊರ ಮಂದಿ ಅಪ್ಪಗೋಳನ್ನೆಲ್ಲ ಬರದಿ, ನಿಮ್ಮಪ್ಪಂದೊಂದು ಬರಿಯೋ" ಎಂದ ದೊಡ್ಡಪ್ಪ. ನಮ್ಮವರನ್ನೂ ಅಂಗಳದಲ್ಲಿ ಸಾಲಾಗಿ ಕೂರಿಸಿದೆ. ದೊಡ್ಡಪ್ಪನ ಮೂಗು, ಅಕ್ಕನ ಕಣ್ಣು, ಕನ್ನಡಿ ಹಿಡಿದು ನನ್ನದೇ ಗದ್ದ. ಒಂದು ತಿಂಗಳು ಬರೆದೆ. ಅವ್ವನ ಮುಂದೆ ಇಟ್ಟೆ. ಅವಳು ಬಹಳ ಹೊತ್ತು ನೋಡಿದಳು.

"ಭಾಳ ಚಂದ ಬರದೀಪಾ. ಯಾರ ಮನೀವರಿವರು?"

ಅದು ಕೊಂಕು ಮಾತಲ್ಲ. ಯಾರೋ ಗಿರಾಕಿಯ ಚಿತ್ರವೆಂದೇ ಅವಳು ತಿಳಿದಿದ್ದಳು. ನಾನು ಹೇಳಿದ ಮೇಲೆ ಅವಳ ಮುಖ ಇಳಿಯಿತು. ಮೆಲ್ಲಗೆ ಕೇಳಿದಳು: "ನೀ ನಾಯಿ ಬರದು ಮುಗಸಿದ ದಿನ ಅವರು ಟ್ರಂಕಿನ್ಯಾಗಿನ ರುಮಾಲ ತಗಸಿ ಸುತ್ತಿಕೊಂಡು ಬಂದು ಕುಂತಿದ್ರು. ನೀ ನೋಡ್ಲೇ ಇಲ್ಲೇನು?"

ನಾನು ನೋಡಿರಲಿಲ್ಲ. ಶಿವಯೋಗ ಮಂದಿರಕ್ಕೆ ಹೋಗುವಾಗ ಮಾತ್ರ ಸುತ್ತುತ್ತಿದ್ದ ಜರಿ ಅಂಚಿನ ರುಮಾಲು ಅದು. ಅದನ್ನು ಸುತ್ತಿಕೊಂಡು, ಬರಿ ಎಂದು ಬಾಯಿಬಿಟ್ಟು ಹೇಳಲಾರದೆ, ನನ್ನಿಂದ ಎರಡು ಮೊಳ ದೂರದಲ್ಲಿ ಅಪ್ಪ ಕೂತಿದ್ದ. ಮಂದಿಯ ಮುಖ ನೋಡುವುದೇ ಕಸುಬಾದವನು ನಾನು, ಎಂಟು ದಿನ ನಾಯಿಯ ಕಿವಿ ನೋಡಿದೆ. ಅವತ್ತು ಅವ್ವನ ಮುಂದೆ ಸಣ್ಣ ಹುಡುಗನ ಹಾಗೆ ಅತ್ತುಬಿಟ್ಟೆ.

ನಾನು ಬರೆದ ಆ ಅಪರಿಚಿತ ಅಪ್ಪನನ್ನು ಅವ್ವ ಅಟ್ಟಕ್ಕೆ ಹಾಕಿಸಿದಳು. ತಾನೇ ಮೊಳೆ ಹೊಡೆದು ನಾಯಿಯ ಚಿತ್ರವನ್ನು ಹಿರಿಯರ ಸಾಲಿನಲ್ಲಿ ತೂಗುಹಾಕಿದಳು. ಹಾರ ಹಾಕಿ, ಚಿತ್ರದೊಳಗಿನ ಕೈಯ ಮೇಲೆ ಅಡ್ಡಡ್ಡ ಮೂರು ಬೆರಳಿನ ವಿಭೂತಿ ಎಳೆದಳು. ಬಣ್ಣ ಕೆಡುತ್ತದೆಂದು ನಾನು ಗಾಜು ಹಾಕಿಸಿಕೊಟ್ಟೆ. ವರ್ಷದ ದಿನಕ್ಕೆ ಬಂದ ನೆಂಟರು ಕಣ್ಣು ಕಣ್ಣು ಬಿಟ್ಟರು.

"ಏನಬೇ ಅಕ್ಕಾ, ನಾಯಿಗೆ ಈಬತ್ತಿ ಹಚ್ಚೀಯಲ್ಲ?" ಎಂದಳು ಚಿಕ್ಕಮ್ಮ.

"ನಾಯಿಗೆಲ್ಲಿ ಹಚ್ಚೇನಿ? ಕೈಗೆ ಹಚ್ಚೇನಿ. ಇಷ್ಟು ವರ್ಷ ಉಣಿಸಿದ ಕೈ, ಗುರ್ತ ಹತ್ತಲಿಲ್ಲೇನು?" ಎಂದಳು ಅವ್ವ. ಅಷ್ಟರಲ್ಲಿ ಕೆಂಚ ಬಂದು ಆ ಚಿತ್ರದ ಕೆಳಗೇ ಮಲಗಿತು. ತನ್ನ ಫೋಟೋಕ್ಕೆ ಹಾರ ಬಿದ್ದದ್ದನ್ನು ಕಣ್ಣಾರೆ ಕಂಡ ನಾಯಿ ಅದೊಂದೇ ಇದ್ದೀತು.

ಅವ್ವ ಆಮೇಲೆ ನನ್ನನ್ನು ನಂಬಲಿಲ್ಲ. ಹುನಗುಂದದ ಬಸ್ಸು ಹತ್ತಿ ಸ್ಟುಡಿಯೋಕ್ಕೆ ಹೋಗಿ ತನ್ನ ಫೋಟೋ ತಾನೇ ತೆಗೆಸಿಕೊಂಡು ಬಂದಳು. ಅವಳು ತೀರಿಕೊಂಡ ಮೇಲೆ ವಿಭೂತಿಯ ಕೆಲಸ ನನ್ನ ಹೆಂಡತಿಗೆ ಬಂತು. ನಾನು ಒಂದು ದಿನವೂ ಹಚ್ಚಿದವನಲ್ಲ. ಮನೆಗೆ ಬಂದ ಗಿರಾಕಿಗಳು ನಕ್ಕು ಕೇಳಿದರೆ, "ನಮ್ಮ ನಾಯಿ ಅದು" ಎಂದು ಮಾತು ತೇಲಿಸುತ್ತಿದ್ದೆ. ಊರಿಗೆಲ್ಲ ಅಪ್ಪಂದಿರನ್ನು ಬರೆದುಕೊಟ್ಟವನಿಗೆ ತನ್ನ ಅಪ್ಪನನ್ನು ಬರೆಯಲಾಗಲಿಲ್ಲ ಎಂದು ಯಾವ ಬಾಯಿಂದ ಹೇಳಲಿ?

ಹಸೇನಸಾಬ ಇನ್ನೂ ನಿಂತೇ ಇದ್ದ. "ತಿರಗಿ ಹಾಕು. ಅದು ನಮ್ಮಪ್ಪಂದು" ಎಂದೆ.

ಅವನು ನಾಯಿಯನ್ನು ನೋಡಿದ, ನನ್ನನ್ನು ನೋಡಿದ. ಹುಚ್ಚು ಮುದುಕ ಎಂದುಕೊಂಡಿರಬೇಕು. ಆಮೇಲೆ ಚೌಕಟ್ಟನ್ನು ಬೆಳಕಿಗೆ ಹಿಡಿದು ಗಾಜಿನ ಕಲೆಯೊಳಗೆ ಕಣ್ಣು ಕಿರಿದು ಮಾಡಿ ನೋಡಿದ.

"ಮಗ್ಗದ ಕೈ ಐತಲ್ರಿ ಇದು" ಎಂದ. "ಈ ಗಂಟ ನೋಡ್ರಿ. ನಮ್ಮಪ್ಪಂದೂ ಹಿಂಗ ಇತ್ತು."

ಕಂಕುಳಲ್ಲಿ ತಂದದ್ದನ್ನು ಈಗ ಎರಡೂ ಕೈಯಲ್ಲಿ ಹಿಡಿದು ಒಳಗೆ ಒಯ್ದ.

ಬಣ್ಣ ಒಣಗಿದ ಮೇಲೆ ಚಿತ್ರ ತನ್ನ ಜಾಗಕ್ಕೆ ಬಂತು. ಹೆಂಡತಿಯ ಕೈಯಿಂದ ವಿಭೂತಿ ಗಟ್ಟಿ ಇಸಿದುಕೊಂಡು, ಬೆರಳು ತೋಯಿಸಿ, ಮೊದಲ ಸಲ ನಾನೇ ಹಚ್ಚಲು ಹೋದೆ. ಈಗ ನನ್ನ ಕೈ ನಡುಗುತ್ತದೆ. ಎರಡು ಗೆರೆ ಸರಿ ಬಂದವು. ಮೂರನೆಯದು ಸೊಟ್ಟಗೆ ಮೇಲೆ ಹತ್ತಿ, ಮಣಿಕಟ್ಟು ದಾಟಿ, ಚೌಕಟ್ಟಿನ ಕಟ್ಟಿಗೆಯ ಮೇಲೆ ಹೋಯಿತು. ನಾನು ಒರೆಸಲಿಲ್ಲ.