ದಣಪೆ ಕಟ್ಟಿದ ಭಾನುವಾರ

ಮೊಮ್ಮಗಳು ಮನೆಗೆ ತಂದ ಸೈಕಲ್ಲಿಗೆ ಕ್ಯಾರಿಯರ್ ಇರಲಿಲ್ಲ. ಸ್ಟ್ಯಾಂಡ್ ಇರಲಿಲ್ಲ. ಬೆಲ್ ಇರಲಿಲ್ಲ. ಚಕ್ರದ ಮೇಲೆ ಕೆಸರು ತಡೆಯುವ ಮಡ್‌ಗಾರ್ಡೂ ಇರಲಿಲ್ಲ. ಇಷ್ಟೆಲ್ಲ ಇಲ್ಲದ ಸೈಕಲ್ಲಿಗೆ ಎಲ್ಲ ಇರುವ ಸೈಕಲ್ಲಿಗಿಂತ ಬೆಲೆ ಜಾಸ್ತಿಯಂತೆ. ಟೈರು ಮಾತ್ರ ದಪ್ಪಗೆ ಕರುವಿನ ಕಾಲಿನಷ್ಟಿತ್ತು. ನಿಲ್ಲಿಸುವುದಕ್ಕೆ ಬರುವುದಿಲ್ಲವಾದ್ದರಿಂದ ಜಗುಲಿಯ ಗೋಡೆಗೆ ಒರಗಿಸಿಟ್ಟಳು. ಗೋಡೆಗೆ ಕಪ್ಪು ಗೀಟು ಬಿತ್ತು.

"ಇದ್ರ ಮೇಲೆ ಹಿಂಡಿ ಚೀಲ ಎಲ್ಲಿ ಇಡದೇ?" ಎಂದು ಕೇಳಿದೆ.

"ಇದು ಹಿಂಡಿ ತಪ್ಪ ಸೈಕಲ್ಲಲ್ಲ ಅಮ್ಮಾ. ಗುಡ್ಡ ಹತ್ತ ಸೈಕಲ್ಲು."

"ಹತ್ತಿ?"

"ಹತ್ತಿ ಇಳಿಯದು."

"ಇಳಿಯದೇ ಹೌದು ಹೇಳಾದ್ರೆ ಹತ್ತದು ಎಂತಕ್ಕೆ?"

ಅವಳು ಬಗ್ಗಿ ಟೈರಿನ ಗಾಳಿ ಒತ್ತಿ ನೋಡಿದಳು. ನಮ್ಮಲ್ಲಿ ತಾಯಿಗೆ ಆಯಿ ಎನ್ನುತ್ತೇವೆ, ಅಜ್ಜಿಗೆ ಅಮ್ಮ. ಹಾಗಾಗಿ ಅವಳು ನನ್ನನ್ನು ಕರೆಯುವುದು ಅಮ್ಮ ಎಂದೇ. ಆಗ ಅವಳು ಸಿದ್ದಾಪುರಕ್ಕೆ ಪಿಯುಸಿಗೆ ಹೋಗುತ್ತಿದ್ದಳು. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ನಮ್ಮ ಮನೆ ಇರುವುದು ನಿಲ್ಕುಂದದ ಕಡೆಗೆ. ಬಸ್ಸು ಇಳಿದು ಎರಡು ಮೈಲಿ ನಡೆಯಬೇಕು. ಆ ಎರಡು ಮೈಲಿಯನ್ನು ಅವಳು ತಂದೆಯ ಹಳೇ ಸೈಕಲ್ಲಿನಲ್ಲಿ ಹೋಗಿ ಬಂದು ಮಾಡುತ್ತಿದ್ದಳು. ಅದನ್ನು ಒಂದು ದಿನ ಈ ಕಡೆ ಬಂದಿದ್ದ ಕಾಲೇಜಿನ ಆಟದ ಮೇಷ್ಟ್ರು ನೋಡಿದ್ದಾರೆ. ನೋಡಿ, ಈ ದಪ್ಪ ಟೈರಿನ ಗೇರ್ ಸೈಕಲ್ಲನ್ನು ಕೈಗೆ ಕೊಟ್ಟಿದ್ದಾರೆ. ಜೊತೆಗೆ ಒಂದು ಫಾರ್ಮ್. ಮೈಸೂರಿನಲ್ಲಿ ಗುಡ್ಡಗಾಡು ಸೈಕಲ್ ಓಟಕ್ಕೆ ಮಕ್ಕಳನ್ನು ಆರಿಸುತ್ತಾರಂತೆ. ಫಾರ್ಮಿಗೆ ತಂದೆಯ ಸಹಿ ಬೇಕು.

ತಂದೆ ಎಂದರೆ ನನ್ನ ಮಗ. ಅವನು ಫಾರ್ಮನ್ನು ಎರಡು ದಿನ ಕಿಟಕಿಯ ಮೇಲೆ ಇಟ್ಟ. ಮೂರನೇ ದಿನ ಊಟಕ್ಕೆ ಕೂತಾಗ ಮಾತು ತೆಗೆದ.

"ಕಾಡಲ್ಲಿ ಬಿದ್ರೆ ಹೊತ್ಕಂಡು ಬಪ್ಪಲೆ ಯಾರಿದ್ದ? ಹಲ್ಲು ಮುರ್ಕಂಡ್ರೆ ನಾಳೆ ಮದುವೆ ಹೆಂಗೆ ಆಗ್ತು?"

"ನಿನ್ನ ಹಲ್ಲು ನೋಡಿ ಹೆಣ್ಣು ಕೊಟ್ಟಿದ್ವಿಲ್ಲೆ ತಮಾ," ಎಂದೆ.

ಸೊಸೆ ಸಾರಿನ ಪಾತ್ರೆ ತರುವ ನೆವದಲ್ಲಿ ಒಳಗೆ ಹೋದಳು. ಅಲ್ಲಿ ನಗುವುದು ಕೇಳಿಸಿತು. ಮಗನ ಮುಂದಿನ ಹಲ್ಲು ಒಂದರ ಮೇಲೊಂದು ಹತ್ತಿವೆ.

ಅವನು ಸಿಟ್ಟಾಗಲಿಲ್ಲ. ಒಂದು ಷರತ್ತು ಹಾಕಿದ. ನಮ್ಮ ಮನೆಯಿಂದ ಹೊರಟು ಬೆಟ್ಟದ ಕಾಲುದಾರಿಯಲ್ಲಿ ಮೇಲಕ್ಕೆ ಹೋಗಿ, ದಟ್ಟ ಕಾಡಿನಲ್ಲಿ ಹಾದು, ಆಚೆ ದಿಬ್ಬದ ಜೀಪು ರಸ್ತೆ ಹಿಡಿದು, ಹಳ್ಳ ದಾಟಿ ಮತ್ತೆ ನಮ್ಮ ಅಂಗಳಕ್ಕೇ ಬರುವ ಒಂದು ಸುತ್ತು ಇದೆ. ಹಿಂದಿನವರು ಹೆಣ್ಣು ನೋಡಲು, ಎಮ್ಮೆ ಹುಡುಕಲು ಆ ದಾರಿಯಲ್ಲಿ ಹೋಗುತ್ತಿದ್ದರು. ಪೂರ್ತಿ ಒಂದು ಸುತ್ತು ಹಾಕಿದವರು ಕಡಿಮೆ, ಏಕೆಂದರೆ ಹೊರಟಲ್ಲಿಗೇ ಬಂದು ಮುಟ್ಟುವುದರಿಂದ ಯಾರಿಗೂ ಏನೂ ಉಪಯೋಗ ಇರಲಿಲ್ಲ.

"ಭಾನುವಾರ ಉಂಡ್ಕಂಡು ಹೊರಡು. ಒಬ್ಳೇ ಹೋಗವು. ದೇವರಿಗೆ ದೀಪ ಹಚ್ಚದ್ರೊಳಗೆ ಈ ಅಂಗಳಕ್ಕೆ ಬರವು. ಬಂದ್ರೆ ಸಹಿ. ದೀಪ ಹಚ್ಚಿ ಆದ್ಮೇಲೆ ಬಂದ್ರೆ ಸೋಮವಾರ ಸೈಕಲ್ಲು ಮೇಷ್ಟ್ರ ಮನೆಗೆ ವಾಪಸ್ಸು. ಆಮೇಲೆ ಈ ಸುದ್ದಿ ತೆಗಿಯಲಿಲ್ಲೆ."

"ಆತು," ಎಂದಳು ಅವಳು. ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡು ಉಂಡು ಎದ್ದಳು.

ನಮ್ಮ ಮನೆಯಲ್ಲಿ ಸಂಜೆ ದೀಪ ಹಚ್ಚುವವಳು ನಾನು. ಹಾಗಾಗಿ ಈ ವಿಷಯದಲ್ಲಿ ನನ್ನನ್ನು ಯಾರೂ ಏನೂ ಕೇಳದಿದ್ದರೂ ನಾನೇ ಗಡಿಯಾರವಾದೆ.

ಭಾನುವಾರ ಬೆಳಗ್ಗೆ ಬೇಗ ಎದ್ದು, ಕತ್ತಿ ಹಿಡಿದುಕೊಂಡು ಬೆಟ್ಟಕ್ಕೆ ಹೊರಟೆ. ನನ್ನ ಮಂಡಿ ನೋಡಿದ ಡಾಕ್ಟರು ಗುಡ್ಡ ಹತ್ತಬಾರದು ಎಂದಿದ್ದರು. ಹಾಗಾಗಿ ಮನೆಯಲ್ಲಿ ಹೇಳಲಿಲ್ಲ. ಹಿಂದಿನ ವಾರ ಗಾಳಿಗೆ ಆ ದಾರಿಯ ಮೇಲೆ ಮುಳ್ಳಿನ ಹಿಂಡು ಬಿದ್ದಿದ್ದು ನನಗೆ ಗೊತ್ತಿತ್ತು. ಟೈರು ಎಷ್ಟು ದಪ್ಪ ಇದ್ದರೂ ಒಳಗೆ ಇರುವುದು ಗಾಳಿಯೇ. ಮುಳ್ಳು ಕಡಿದು ಪಕ್ಕಕ್ಕೆ ಹಾಕಿ ಬರೋಣ ಎಂದು ಹೋದೆ. ಪ್ರೀತಿ ಗೀತಿ ಅಂತ ಅಲ್ಲ. ಸೋಲುವುದಾದರೆ ಮುಳ್ಳಿನ ಕಾರಣಕ್ಕೆ ಸೋಲಬಾರದು.

ಬೆಟ್ಟದ ದಾರಿಯಲ್ಲಿ ಐದು ದಣಪೆ ಸಿಗುತ್ತವೆ. ಎರಡು ಕಡೆ ತೂತಿನ ಕಂಬ ಹುಗಿದು, ಆ ತೂತುಗಳಿಗೆ ಅಡ್ಡಡ್ಡ ಮೂರು ಬಿದಿರಿನ ಗಳ ಸಿಕ್ಕಿಸಿರುತ್ತಾರೆ. ಮನುಷ್ಯ ಗಳ ಸರಿಸಿ ದಾಟುತ್ತಾನೆ, ದನ ದಾಟುವುದಿಲ್ಲ. ತೆಗೆದವರು ಮತ್ತೆ ಹಾಕಬೇಕು. ಮದುವೆ ದಿಬ್ಬಣ ಹೋದರೂ ಹಿಂದೆ ಬಂದವನು ನಿಂತು ಹಾಕಿಯೇ ಮುಂದೆ ಹೋಗುತ್ತಾನೆ. ಮಾತು ಬರುವುದಕ್ಕಿಂತ ಮುಂಚೆ ನಮ್ಮ ಕಡೆ ಮಕ್ಕಳಿಗೆ ಇದು ಬರುತ್ತದೆ.

ಮೊದಲನೇ ದಣಪೆಯ ಗಳ ಮೂರೂ ನೆಲಕ್ಕೆ ಬಿದ್ದಿದ್ದವು. ಕೆಳಗಿನ ಗದ್ದೆಯಲ್ಲಿ ಭತ್ತ ಇನ್ನೂ ನಿಂತಿತ್ತು. ಯಾವನೋ ಬುದ್ಧಿ ಇಲ್ಲದವನು ಎಂದು ಬೈದು ಗಳ ಸಿಕ್ಕಿಸಿದೆ. ಎರಡನೆಯದೂ ಹಾಗೇ ಬಿಟ್ಟಿತ್ತು. ಮೂರನೆಯದನ್ನು ನೋಡಿದಾಗ ಬೈಗುಳ ಸಾಲಲಿಲ್ಲ. ಒಮ್ಮೆ ಮರೆತವನು ಮೂರು ಸಲ ಮರೆಯುತ್ತಾನೆ ಎಂದರೆ ಅವನು ಮರೆತವನಲ್ಲ, ಸೊಕ್ಕಿನವನು. ಹಾಗಾಗಿ ಮೂರನೆಯದಕ್ಕೆ ಗಳ ಹಾಕಿದ್ದಷ್ಟೇ ಅಲ್ಲ, ಹಸಿ ಬಳ್ಳಿ ಎಳೆದು ಗಳವನ್ನು ಕಂಬಕ್ಕೆ ಬಿಗಿದು ಕಟ್ಟಿದೆ. ನಾಲ್ಕು, ಐದನ್ನೂ ಕಟ್ಟಿದೆ. ಬರುವಾಗ ಒಂದು, ಎರಡಕ್ಕೂ ಬಳ್ಳಿ ಸುತ್ತಿದೆ. ನಾಲ್ಕು ಸುತ್ತು, ಎರಡು ಗಂಟು. ಸೊಪ್ಪಿನ ಹೊರೆ ಕಟ್ಟಿ ಕಟ್ಟಿ ಬಂದ ಕೈ ಅದು. ನಾನು ಕಟ್ಟಿದ ಹೊರೆ ಗುಡ್ಡದಿಂದ ಉರುಳಿಸಿದರೂ ಬಿಚ್ಚುತ್ತಿರಲಿಲ್ಲ.

ಮುಳ್ಳನ್ನೂ ಕಡಿದು ಹಾಕಿದೆ. ಮನೆಗೆ ಬಂದು ಕೈಕಾಲು ತೊಳೆದು, ಮಂಡಿಗೆ ಎಣ್ಣೆ ಹಚ್ಚಿಕೊಂಡು ಏನೂ ಆಗದವಳ ಹಾಗೆ ಕೂತೆ.

ಅವಳು ಒಂದು ಗಂಟೆಗೆ ಉಂಡು ಹೊರಟಳು. ಚೂಡಿದಾರದ ಪ್ಯಾಂಟಿನ ಕಾಲಿಗೆ ರಬ್ಬರ್ ಬ್ಯಾಂಡ್ ಹಾಕಿಕೊಂಡಿದ್ದಳು. ತಲೆಗೆ ಮೇಷ್ಟ್ರು ಕೊಟ್ಟ ಗಟ್ಟಿ ಟೋಪಿ. ಮಗ ಅಂಗಳದಲ್ಲಿ ಅಡಿಕೆ ಹರವುತ್ತಿದ್ದವನು ತಲೆ ಎತ್ತದೆ, "ಹಳ್ಳದಲ್ಲಿ ಇಳಿದು ನೂಕ್ಯಂಡು ಬಾ," ಎಂದ. ಅವಳು ಹೂಂ ಎಂದಳು.

ಎರಡು ಗಂಟೆಗೆ ಸೊಸೆಯೂ ನಾನೂ ಹಿಂದಿನ ಕಟ್ಟೆಯ ಮೇಲೆ ಕೂತು ಎಲೆ ಹಾಕುತ್ತಿದ್ದೆವು. ಗುಟ್ಟು ಹೊಟ್ಟೆಯಲ್ಲಿ ಇಟ್ಟುಕೊಂಡು ನನಗೆ ಅಭ್ಯಾಸವಿಲ್ಲ. ಹೇಳಿಬಿಟ್ಟೆ.

"ಬೆಟ್ಟದ ದಣಪೆ ಅಷ್ಟೂ ಯಾರೋ ತೆಗೆದು ಒಗೆದಿದ್ದ ಮಾರಾಯ್ತಿ. ಐದಕ್ಕೂ ಕಟ್ಟಿಕ್ಕಿ ಬಂದೆ."

ಸೊಸೆಯ ಕೈಯಲ್ಲಿ ಸುಣ್ಣದ ಡಬ್ಬಿ ಹಾಗೇ ನಿಂತಿತು.

"ಅತ್ತೆ, ಅದನ್ನ ತೆಗೆದಿದ್ದು ನಮ್ಮ ಕೂಸೇ."

"ಎಂತಕ್ಕೆ?"

"ಇಳಿದು ಹತ್ತದು ಬೇಡ, ಸೀದಾ ಹೋಪಲೆ ಬತ್ತು ಹೇಳಿ. ನಿನ್ನೆ ಸಂಜೆ ಹೋಗಿ ತೆಗೆದಿಕ್ಕಿ ಬಂತು. ದಾರಿ ಮೇಲಿನ ಮೂರು ಮನೆಗೂ ಹೇಳಿಕ್ಕಿ ಬೈಂದು, ಭಾನುವಾರ ಒಂದಿನ ದನ ಬಿಡಡಿ ಹೇಳಿ. ಅವರೂ ಅಡ್ಡಿಲ್ಲೆ ಹೇಳಿದ್ದ."

"ನಂಗೆ ಹೇಳಲೆ ಎಂತಾಗಿತ್ತು?"

"ನಿಂಗ ಗುಡ್ಡ ಹತ್ತುತ್ರಿ ಹೇಳಿ ಯಾರಿಗೆ ಗೊತ್ತಿತ್ತು?"

ಅದು ಸರಿಯಾದ ಮಾತು. ನಾನು ಎಲೆ ಅಗಿದೆ. ಮೊಮ್ಮಗಳು ಹೋಗಿ ಆಗಲೇ ಒಂದು ತಾಸಾಗಿತ್ತು. ಈಗ ಓಡಿ ಹೋಗಿ ಬಿಚ್ಚೋಣ ಎಂದರೆ ಮಂಡಿ ಏಳುತ್ತಿರಲಿಲ್ಲ, ಎದ್ದರೂ ಅವಳು ಅಲ್ಲಿ ಇರುತ್ತಿರಲಿಲ್ಲ. ಮಗನಿಗೆ ಹೇಳಬೇಡಿ ಎಂದಳು ಸೊಸೆ. ಹೇಳಲಿಲ್ಲ. ಹೇಳಿದ್ದರೆ ನಾನು ಬೇಕೆಂದೇ ಕಟ್ಟಿದೆ ಎಂದು ಮೊಮ್ಮಗಳು ತಿಳಿಯುತ್ತಾಳೋ, ಅವಳ ಪರವಾಗಿ ಬೇಕೆಂದೇ ಸುಳ್ಳು ಹೇಳುತ್ತೇನೆ ಎಂದು ಮಗ ತಿಳಿಯುತ್ತಾನೋ, ಎರಡೂ ಕೆಲಸಕ್ಕೆ ಬಾರದ್ದು.

ನಾಲ್ಕೂವರೆಗೆ ಬರುತ್ತೇನೆ ಎಂದಿದ್ದಳು. ನಾಲ್ಕೂವರೆ ಆಯಿತು. ಐದೂವರೆ ಆಯಿತು. ಮಗ ಅಡಿಕೆಯನ್ನು ರಾಶಿ ಮಾಡಿ ಮುಚ್ಚಿದ. ಮುಚ್ಚಿದ್ದನ್ನು ತೆಗೆದು ಇನ್ನೊಮ್ಮೆ ಮುಚ್ಚಿದ. ಆಮೇಲೆ ಅಂಗಳದ ತುದಿಗೆ ಹೋಗಿ ನಿಂತ. ಸೋಲಲಿ ಎಂದು ನಿಂತಿದ್ದನೋ ಬರಲಿ ಎಂದು ನಿಂತಿದ್ದನೋ ಅವನ ಬೆನ್ನು ನೋಡಿದರೆ ಗೊತ್ತಾಗುವುದಿಲ್ಲ.

ದೀಪದ ಹೊತ್ತಾಯಿತು. ನಾನು ಬತ್ತಿ ಹೊಸೆಯಲು ಕೂತೆ. ಎರಡು ಸಾಕು. ಎಂಟು ಹೊಸೆದೆ. ದೀಪದ ಕಂಬ ತಿಕ್ಕಿ ತೊಳೆದೆ, ಅದನ್ನು ಬೆಳಗ್ಗೆಯೇ ತೊಳೆದಾಗಿತ್ತು. ಎಣ್ಣೆಯನ್ನು ಔಷಧ ಹಾಕಿದ ಹಾಗೆ ಹನಿಹನಿ ಹಾಕಿದೆ.

"ಆಯಿ," ಎಂದ ಮಗ ಬಾಗಿಲಲ್ಲಿ ನಿಂತು. "ದೀಪ ಹಚ್ಚಲಿಲ್ಯಾ?"

"ಹಚ್ತೆ."

"ಕತ್ತಲಾತು."

"ಕಣ್ಣು ಕಾಣ್ತು ನಂಗೆ."

ಕಡ್ಡಿ ಗೀರಿ ಹಚ್ಚಿದೆ. ಮೊಮ್ಮಗಳಿಗಾಗಿ ದೇವರನ್ನು ಕತ್ತಲೆಯಲ್ಲಿ ಇಡುವವಳಲ್ಲ ನಾನು. ಇನ್ನೂ ಸ್ವಲ್ಪ ತಡೆದಿದ್ದರೆ ಆಗುತ್ತಿತ್ತು ಎಂದು ಸೊಸೆ ಈಗಲೂ ಹೇಳುತ್ತಾಳೆ. ಆಗುತ್ತಿತ್ತು. ತಡೆಯಲಿಲ್ಲ.

ಒಂದು ಎಲೆ ಅಡಿಕೆ ಹಾಕುವಷ್ಟು ಹೊತ್ತಿನಲ್ಲಿ ಅವಳು ಬಂದಳು. ಮೊಣಕೈ ತರಚಿತ್ತು, ಮೂಗಿನ ತುದಿಗೆ ಚೈನಿನ ಎಣ್ಣೆ ಮೆತ್ತಿತ್ತು, ತುಟಿ ಒಡೆದಿತ್ತು. ಹಲ್ಲು ಎಲ್ಲ ಇದ್ದವು, ನಾನು ಮೊದಲು ನೋಡಿದ್ದು ಅದನ್ನೇ. ಅಂಗಳದಿಂದಲೇ ಅವಳಿಗೆ ಒಳಗಿನ ದೀಪ ಕಂಡಿತು. ಸೈಕಲ್ಲಿನಿಂದ ಇಳಿಯದೆ ಒಂದು ಕಾಲು ನೆಲಕ್ಕೆ ಕೊಟ್ಟು ನಿಂತಳು.

"ಯಾರೋ ದಣಪೆ ಕಟ್ಟಿಕ್ಕಿದ್ದ ಅಪ್ಪಯ್ಯಾ. ಐದೂವ. ಬಳ್ಳಿ ಬಿಚ್ಚಲೆ ಬರದೇ ಹಲ್ಲಲ್ಲಿ ಕಚ್ಚಿ ತೆಗೆದೆ."

"ಕಟ್ಟಿದ್ದು ಆನು," ಎಂದು ಒಪ್ಪಿಕೊಂಡೆ.

ಅವಳು ನನ್ನನ್ನು ನೋಡಿದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಮಾತಾಡಲು ಸುಲಭವಾಗುತ್ತಿತ್ತು. ಮುಳ್ಳಿನ ಸುದ್ದಿ, ಬಿದ್ದ ಗಳದ ಸುದ್ದಿ, ಮಂಡಿ, ಎಲ್ಲ ಹೇಳಿದೆ. ಮಗನಿಗೆ ಹೇಳಿದೆ: "ಐದು ದಣಪೆ ತಮಾ. ಅಷ್ಟು ಹೊತ್ತು ಕಳೆದು ನೋಡು. ಕೂಸು ದೀಪಕ್ಕಿಂತ ಎಷ್ಟೋ ಮೊದಲೇ ಬೈಂದು."

"ದೀಪ ಹಚ್ಚಿ ಆಜು," ಎಂದ ಅವನು. "ಮಾತು ಅಂದ್ರೆ ಮಾತು. ಅದಲ್ದೇ, ಈಗ ಆ ಐದು ದಣಪೇನೂ ಗಳ ಹಾಕ್ದೇ ಹಾರು ಹೊಡೆದಿಕ್ಕಿ ಬೈಂದು. ನಾಳೆ ಗದ್ದೆಗೆ ದನ ನುಗ್ಗಿದ್ರೆ ಬೈಸ್ಕಳದು ಆನು."

ಅವಳು ಆಗ ಕೆಳಗೆ ಇಳಿದಳು. ಸೈಕಲ್ಲನ್ನು ಬಚ್ಚಲ ಹತ್ತಿರ ತೊಳೆದು, ಒರೆಸಿ, ಮೇಷ್ಟ್ರಿಗೆ ವಾಪಸ್ಸು ಕೊಡಲು ತಯಾರು ಮಾಡಿಟ್ಟಳು. ಊಟಕ್ಕೆ ಕರೆದರೆ ಹಸಿವಿಲ್ಲ ಎಂದಳು. ಸೊಸೆ ನನ್ನ ಕಡೆ ನೋಡುತ್ತಲೇ ಬಡಿಸಿದಳು. ನಾನು ಉಂಡೆ. ಉಣ್ಣದೇ ಇದ್ದರೆ ಗಂಟೇನೂ ಸಡಿಲವಾಗುವುದಿಲ್ಲ.

ಸೋಮವಾರ ಬೆಳಗಾಗುವ ಮೊದಲೇ ಮಗ ದಣಪೆ ಮುಚ್ಚಲು ಹೊರಟ. ಮೂರು ಮನೆಯವರ ಹತ್ತಿರ ಏನೇನು ಹೇಳಬೇಕು ಎಂದು ದಾರಿಯುದ್ದಕ್ಕೂ ಬಾಯಲ್ಲಿ ಜೋಡಿಸಿಕೊಳ್ಳುತ್ತ ಹೋಗಿರಬೇಕು, ಅಂಗಳ ದಾಟುವಾಗಲೇ ತುಟಿ ಅಲ್ಲಾಡುತ್ತಿತ್ತು. ಮೊಮ್ಮಗಳು ಕಾಲೇಜಿಗೆ ಹೊರಡಲಿಲ್ಲ. ಸೈಕಲ್ಲಿನ ಪಕ್ಕ ಕಟ್ಟೆಯ ಮೇಲೆ ಕೂತಿದ್ದಳು.

ಅವನು ಬಂದಾಗ ಬಿಸಿಲು ಅಂಗಳಕ್ಕೆ ಇಳಿದಿತ್ತು. ಕಾಲು ತೊಳೆದ. ದೋಸೆಗೆ ಕೂತ. ನಾಲ್ಕು ದೋಸೆ ತಿಂದ.

"ದಣಪೆ ಹಾಕಿಕ್ಕಿ ಬಂದ್ಯಾ?" ಎಂದು ಸೊಸೆ ಕೇಳಿದಳು.

"ಹಾಕಲೆ ಎಂತ ಇರಲಿಲ್ಲೆ."

"ಅಂದ್ರೆ?"

"ಐದೂವ ಹಾಕಿದ್ದು. ಗಳ ಸಿಕ್ಸಿ, ಮೇಲಿಂದ ಬಳ್ಳಿ ಸುತ್ತಿ ಕಟ್ಟಿದ್ದು. ಗಂಟು ಮಾತ್ರ ಆಯಿ ಕಟ್ಟಿದ್ದಲ್ಲ. ಜಡೆಗೆ ರಿಬ್ಬನ್ ಕಟ್ಟಿದಾಂಗೆ ಕಟ್ಟಿದ್ದು."

ಅವನು ಮಗಳ ಕಡೆ ತಿರುಗಿದ. "ಹೊತ್ತು ಹೋಗ್ತು ಹೇಳಿ ಗೊತ್ತಿದ್ದೂ, ಎಂತಕ್ಕೆ ಕಟ್ಟಲೆ ಹೋದ್ಯೇ?"

"ಕಟ್ಟಿಕ್ಕಿದ್ರು ಹೇಳಾದ್ರೆ ಆ ಮನೆಯವು ದನ ಬಿಟ್ಟಿದ್ದ ಹೇಳಿ ತಿಳ್ಕಂಡೆ," ಎಂದಳು ಅವಳು. "ಕಟ್ಟಿದ್ದ ದಣಪೆ ತೆಗೆದಿಕ್ಕಿ ಹಂಗೇ ಹೋಪಲೆ ಬತ್ತಾ?"

"ನಿನ್ನೆ ಬೈದಾಗ ಹೇಳಕ್ಕಾಗಿತ್ತಲೇ."

"ನೀ ಕೇಳಿದ್ದಿಲ್ಲೆ. ಹಾರು ಹೊಡೆದಿಕ್ಕಿ ಬೈಂದು ಹೇಳಿ ನೀನೇ ಹೇಳ್ದೆ."

ಅವನು ಐದನೇ ದೋಸೆ ಬೇಡವೆಂದು ಎದ್ದ. ಕೈ ತೊಳೆದು, ಕಿಟಕಿಯ ಮೇಲಿನ ಫಾರ್ಮ್ ತೆಗೆದ. ಪೆನ್ನು ಬರೆಯಲಿಲ್ಲ. ಅಂಗೈ ಮೇಲೆ ಗೀಚಿ ಗೀಚಿ ಬರುವ ಹಾಗೆ ಮಾಡಿಕೊಂಡು ಸಹಿ ಹಾಕಿದ. ನನ್ನನ್ನಾಗಲಿ ಅವಳನ್ನಾಗಲಿ ನೋಡಲಿಲ್ಲ.

"ಅಪ್ಪಯ್ಯಾ, ಹಿಂದಿನ ಬದಿಗೂ ಒಂದು ಸಹಿ ಇದ್ದು," ಎಂದಳು ಅವಳು.

ಮಗುಚಿ ನೋಡಿದ. ಮೂರನೇ ಇಯತ್ತೆ ಓದಿದ ನಾನೂ ಪಕ್ಕದಲ್ಲಿ ನಿಂತು ಅಕ್ಷರ ಕೂಡಿಸಿ ಓದಿದೆ. ಬಿದ್ದು ಕೈಕಾಲು ಮುರಿದರೆ, ಅದಕ್ಕಿಂತ ಹೆಚ್ಚಿನದೇನಾದರೂ ಆದರೆ, ಅದಕ್ಕೆ ಓಟ ನಡೆಸುವವರು ಹೊಣೆಯಲ್ಲ, ಮನೆಯವರೇ ಹೊಣೆ ಎಂದಿತ್ತು. ಅವನು ಅದನ್ನು ಮೂರು ಸಲ ಓದಿದ. ಸೊಸೆ ದೋಸೆ ಕಾವಲಿ ಇಳಿಸಿ ಬಂದು ಬಾಗಿಲಲ್ಲಿ ನಿಂತಳು.

ಕೊನೆಗೆ ಅಲ್ಲಿಯೂ ಸಹಿ ಹಾಕಿದ. ಎದುರಿನ ಬದಿಯದಕ್ಕಿಂತ ಅಕ್ಷರ ಸಣ್ಣದಾಗಿತ್ತು.