ಗುಡುಗಮ್ಮನ ಬಸ್ಸಿಗೆ ಕಣ್ಣು ಬಂದದ್ದು

ಅವಳ ನಿಜವಾದ ಹೆಸರು ಡಿಪೋದ ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ ಅವಳು ಗುಡುಗಮ್ಮ. ಕಂಡಕ್ಟರ್ ಕೆಲಸಕ್ಕೆ ಸೇರಿದ ಮೊದಲ ವಾರವೇ, ಟಿಕೆಟ್ ಕೇಳಿದ್ದಕ್ಕೆ ಕಣ್ಣು ಕೆಂಪಗೆ ಮಾಡಿದ ಪೈಲ್ವಾನನೊಬ್ಬನನ್ನು ಕಾಲರ್ ಹಿಡಿದು ರಸ್ತೆಗೆ ಇಳಿಸಿದ್ದಳು. ಆಗ ಬಸ್ಸು ನಿಂತಿತ್ತು ಎಂದು ಅವಳ ವಾದ. ನಿಂತಿರಲಿಲ್ಲ ಎಂದು ಪೈಲ್ವಾನನದು. ಆಮೇಲೊಮ್ಮೆ ಜೇಬುಗಳ್ಳನ ಕಿವಿ ಅವಳ ಕೈಗೆ ಸಿಕ್ಕಿತು. ಅದು ಮತ್ತೆ ಮೊದಲಿನ ಆಕಾರಕ್ಕೆ ಬರಲೇ ಇಲ್ಲ.

ಇಂಥ ವೀರಾಂಗನೆ ಮನೆಯಲ್ಲಿ ಮಾಡುತ್ತಿದ್ದದ್ದು ಅಂಗೈಯಗಲದ ಆಟಿಕೆ ಬಸ್ಸು, ಲಾರಿಗಳಿಗೆ ಉರಿಯುವ ದೀಪ ಕೂಡಿಸುವ ಕೆಲಸ. ಅದೂ ಒಂದು ಬಗೆಯ ಕೊಲೆಯೇ. ಅಡುಗೆಮನೆಯ ಮೇಜಿನ ಮೇಲೆ ಬಸ್ಸನ್ನು ಅಂಗಾತ ಮಲಗಿಸಿ, ಹೊಟ್ಟೆಯ ಸ್ಕ್ರೂ ಬಿಚ್ಚಿ, ಸೀಟುಗಳನ್ನು ಕರುಳಿನಂತೆ ಹೊರಗೆಳೆದು, ಕುರುಡು ಹೆಡ್‌ಲೈಟುಗಳಿಗೆ ಕೈಡ್ರಿಲ್ಲಿನಿಂದ ತೂತು ಕೊರೆಯುತ್ತಿದ್ದಳು. ಅಕ್ಕಿಕಾಳಿಗಿಂತ ಸಣ್ಣ ಎಲ್‌ಇಡಿಗೆ ಕೂದಲೆಳೆಯಂಥ ತಂತಿ ಬೆಸೆಯುವ ಹೊತ್ತಿನಲ್ಲಿ ಯಾರೂ ಉಸಿರಾಡುವಂತಿರಲಿಲ್ಲ. ಒಮ್ಮೆ ಟೈಲರ್ ಗಂಡ ಸೀನಿಬಿಟ್ಟ.

"ಸೀನೋದಿದ್ರೆ ಅಂಗಡಿಗೆ ಹೋಗಿ ಸೀನ್ರೀ! ಎಲ್‌ಇಡಿ ಹಾರೋಯ್ತು!"

"ಮೂಗು ನನ್ನ ಮುಖದಲ್ಲೇ ಇದೆ ಕಣೇ. ಅದೊಂದನ್ನೇ ಹೇಗೆ ಕಳಿಸ್ಲಿ?"

ಕೈಡ್ರಿಲ್ಲು ಅವನ ಕಿವಿಯ ಪಕ್ಕದಲ್ಲೇ ಹಾದು ಗೋಡೆಗೆ ಬಡಿಯಿತು. "ಸ್ವಲ್ಪ ಎಡಕ್ಕೆ ಎಸೀಬೇಕಿತ್ತಮ್ಮ," ಎನ್ನುತ್ತ ಅತ್ತೆ ನೆಲದ ಮೇಲೆ ಅಂಬೆಗಾಲಿಕ್ಕಿ ಎಲ್‌ಇಡಿ ಹುಡುಕಿದರು.

ಇಷ್ಟಕ್ಕೆಲ್ಲ ಕಾರಣ ಡಿಪೋದ ಗಾಜಿನ ಬೀರು. ವಿಶ್ರಾಂತಿ ಕೋಣೆಯಲ್ಲಿದ್ದ ಅದರ ತುಂಬ ಹೆಡ್ ಮೆಕ್ಯಾನಿಕ್ ಮಾಡಿದ ಪುಟ್ಟ ಬಸ್ಸುಗಳು. ಬಂದವರೆಲ್ಲ ನಿಂತು ನೋಡಿ, ಅವನ ಕೈಚಳಕ ಹೊಗಳಿ ಹೋಗುವರು. ಗುಡುಗಮ್ಮನ ಕೈಯನ್ನು ನೆನೆಯುವವರು ಏಟು ತಿಂದವರು ಮಾತ್ರ. ಆ ಕೈಗೆ ಮುರಿಯುವುದಷ್ಟೇ ಅಲ್ಲ, ಮಾಡುವುದೂ ಬರುತ್ತದೆ ಎಂದು ನಾಲ್ಕು ಜನಕ್ಕೆ ಕಾಣಬೇಕು, ಆ ಬೀರುವಿನಲ್ಲಿ ತನಗೊಂದು ಖಾನೆ ಬೇಕು ಎಂಬ ಹಟ ಅವಳಿಗೆ. ಕೇಳಿದಾಗ ಮೆಕ್ಯಾನಿಕ್ ಬೀಗದ ಕೈಯನ್ನು ಬೆರಳಲ್ಲಿ ಗಿರಗಿರ ತಿರುಗಿಸಿದ್ದ.

"ಟಿಕೆಟ್ ಹರಿಯೋ ಕೈಗೆ ಇದೆಲ್ಲ ಯಾಕಮ್ಮ? ಲೈಟ್ ಉರಿಯೋ ಬಸ್ಸು ಮಾಡ್ಕೊಂಡು ಬಾ, ಮೇಲಿನ ಖಾನೆ ಪೂರ್ತಿ ನಿಂಗೇ."

ಅವಳು ಮಾಡಿಕೊಂಡು ಬಂದಳು. ಊಟದ ಹೊತ್ತಿನಲ್ಲಿ ಕೋಣೆಯ ಕಿಟಕಿಗಳನ್ನೆಲ್ಲ ಮುಚ್ಚಿಸಿ, ಬಸ್ಸನ್ನು ಮೇಜಿನ ಮೇಲಿಟ್ಟು, ಹೊಟ್ಟೆಯಡಿಯ ಸ್ವಿಚ್ ಒತ್ತಿದಳು. ಹೆಡ್‌ಲೈಟು ಝಗ್ಗೆಂದಿತು. ಊರಿನ ಬೋರ್ಡು ಹೊಳೆಯಿತು. ಬೆಳಕು ಪ್ಲಾಸ್ಟಿಕ್ಕಿನಿಂದ ಸೋರದಿರಲೆಂದು ಒಳಮೈಗೆ ಕಪ್ಪು ಬಣ್ಣ ಬಳಿದಿದ್ದಳು. ಹೀಗಾಗಿ ಬೆಳಕು ಬರಬೇಕಾದಲ್ಲಿ ಮಾತ್ರ ಬಂತು. ಡ್ರೈವರುಗಳು ತುತ್ತು ನುಂಗುವುದನ್ನೂ ಮರೆತರು.

ಮೆಕ್ಯಾನಿಕ್ ಬಗ್ಗಿ ಬಸ್ಸಿನ ಹಿಂಭಾಗ ನೋಡಿ ಹೋ ಎಂದು ನಕ್ಕ. "ಕೆಂಪಿನ ಜೊತೆ ಬಿಳೀದೂ ಉರೀತಿದೆಯಲ್ಲಮ್ಮ! ರಿವರ್ಸ್ ಗೇರಲ್ಲಿ ಎಲ್ಲಿಗೆ ಹೊರಟಿದೆ ನಿನ್ನ ಬಸ್ಸು, ತವರಿಗಾ?"

ಗುಡುಗಮ್ಮ ತಾನೂ ಬಗ್ಗಿ ನೋಡಿದಳು. ಇಷ್ಟು ವರ್ಷ ಅವಳು ಬಸ್ಸಿನ ಹಿಂಭಾಗವನ್ನು ಕಣ್ತುಂಬ ನೋಡಿದ್ದು ಒಂದೇ ಕೆಲಸದಲ್ಲಿ: ಹಿಂದೆ ನಿಂತು ಸೀಟಿ ಊದುತ್ತ ಬಸ್ಸನ್ನು ಹಿಂದಕ್ಕೆ ತೆಗೆಸುವಾಗ. ಆಗೆಲ್ಲ ಆ ಬಿಳಿ ದೀಪ ಉರಿಯುತ್ತಲೇ ಇರುತ್ತಿತ್ತು. ಅದು ಹಿಂದಕ್ಕೆ ಹೋಗುವಾಗಷ್ಟೇ ಉರಿದು ಆಮೇಲೆ ಆರುವ ದೀಪವೆಂದು ಅವಳಿಗೆ ಹೊಳೆದೇ ಇರಲಿಲ್ಲ.

"ಹೌದು, ರಿವರ್ಸೇ ಬರ್ತಿದೆ," ಎಂದಳು ಸೊಂಟಕ್ಕೆ ಕೈಯಿಟ್ಟು. "ಬಸ್ಸು ಹಿಂದಕ್ಕೆ ಬರಬಾರದು ಅಂತ ಕಾನೂನಿದ್ಯಾ?"

"ತಪ್ಪು ಲೈಟು, ಖಾನೆ ಇಲ್ಲ. ತಾಳು, ನಾನೇ ಸರಿ ಮಾಡ್ತೀನಿ," ಎಂದು ಮೆಕ್ಯಾನಿಕ್ ಉಗುರು ತೂರಿಸಿ ಬಿಳಿ ದೀಪದ ತಂತಿ ಮೀಟಿದ.

ಮಹಾಯುದ್ಧ ಅಲ್ಲಿಗೆ ಶುರುವಾಯಿತು. ಚಿಲ್ಲರೆ ತುಂಬಿದ ಟಿಕೆಟ್ ಚೀಲ ಗಾಳಿಯಲ್ಲಿ ಒಂದು ಸುತ್ತು ಸುತ್ತಿ ಅವನ ದವಡೆಗೆ ಬಿತ್ತು. ಅವನು ಸ್ಪ್ಯಾನರ್ ಎತ್ತಿದ. ಅವಳು ಮಣಿಕಟ್ಟು ಕಚ್ಚಿದಳು. ಸ್ಪ್ಯಾನರ್ ಅವನ ಕಾಲಿನ ಮೇಲೆಯೇ ಬಿತ್ತು. ಅವನು ಜುಟ್ಟು ಹಿಡಿದೆಳೆದ, ಅವಳು ಮೊಣಕೈಯಿಂದ ಪಕ್ಕೆಗೆ ಗುದ್ದಿದಳು. ಡ್ರೈವರುಗಳು ಡಬ್ಬಿ ಸಮೇತ ಮೇಜಿನಡಿ ಸೇರಿದರು. ಬಿಡಿಸಲು ಓಡಿಬಂದ ಡಿಪೋ ಸಾಹೇಬರ ಹಣೆಗೆ ಹಾರಿಬಂದ ಡಬ್ಬಿಯ ಮುಚ್ಚಳವೊಂದು ಬಡಿದು ಬುಗುಟೆದ್ದಿತು. ಕೊನೆಗೆ ಗುಡುಗಮ್ಮ ತಲೆ ತಗ್ಗಿಸಿ ಗೂಳಿಯಂತೆ ನುಗ್ಗಿದಳು. ಮೆಕ್ಯಾನಿಕ್ ಹಾರಿಹೋಗಿ, ಬೆನ್ನು ಮುಂದಾಗಿ, ತನ್ನದೇ ಬೀರುವಿನೊಳಗೆ ಬಿದ್ದ. ಗಾಜು ಪುಡಿಪುಡಿ. ಹುಬ್ಬು ಸೀಳಿ ರಕ್ತ ಸುರಿಯಿತು, ಪುಟ್ಟ ಬಸ್ಸುಗಳು ಅವನ ಮೈಮೇಲೆಲ್ಲ ಮಳೆಗರೆದವು.

"ಇಬ್ಬರೂ ಸಸ್ಪೆಂಡ್! ತೊಲಗಿ!" ಎಂದು ಸಾಹೇಬರು ಕಿರುಚಿದರು.

ಗುಡುಗಮ್ಮ ಸಡಿಲವಾದ ಹಲ್ಲನ್ನು ನಾಲಗೆಯಿಂದ ಒತ್ತಿ ನೋಡುತ್ತ ಕೇಳಿದಳು: "ಸಾರ್, ಖಾನೆ?"

"ಇಟ್ಟು ತೊಲಗಮ್ಮಾ!"

ಇಟ್ಟಳು. ಸಿಂಹಾಸನವೇನೋ ಸಿಕ್ಕಿತು, ಆದರೆ ಅದಕ್ಕೀಗ ಗಾಜಿಲ್ಲ. ಅವಳು ಕೆಲಸಕ್ಕೆ ಮರಳುವಷ್ಟರಲ್ಲಿ ಹೋಗುವವರು ಬರುವವರೆಲ್ಲ ಕೈಹಾಕಿ ಸ್ವಿಚ್ ಒತ್ತಿ ಬ್ಯಾಟರಿ ಬರಿದು ಮಾಡಿದ್ದರು. ಹೊಸದು ಹಾಕಿ, ಮೆಕ್ಯಾನಿಕ್ ಮೀಟಿದ್ದ ಬಿಳಿ ದೀಪದ ತಂತಿಯನ್ನು ಹಟಕ್ಕೆ ಮತ್ತೆ ಬೆಸೆದು, ಕೋಣೆಯ ಬಾಗಿಲ ಮರೆಯಲ್ಲಿ ಕಾದು ನಿಂತಳು. ಬಂದವನು ಹುಬ್ಬಿಗೆ ಹೊಲಿಗೆ ಬಿದ್ದಿದ್ದ ಮೆಕ್ಯಾನಿಕ್. ಅತ್ತಿತ್ತ ನೋಡಿ ಸ್ವಿಚ್ ಒತ್ತಿದ. ಹಿಂದೆ ಬಗ್ಗಿ ಬಿಳಿ ದೀಪವನ್ನು ನೋಡಿದ, ನೋಡುತ್ತಲೇ ಇದ್ದ.

ಅವನ ಬೆನ್ನಿನ ಮೇಲೆ ಧೊಪ್ಪೆಂದು ಒಂದು ಗುದ್ದು ಬಿತ್ತು. ಕನ್ನಡಕ ನೆಲಕ್ಕೆ ಹಾರಿತು.

"ನೋಡಿದ್ದಾಯ್ತಾ? ಹಾಗಾದ್ರೆ ಆರ್ಸಯ್ಯ," ಎಂದಳು ಗುಡುಗಮ್ಮ. "ಬ್ಯಾಟರಿ ಏನು ನಿಮ್ಮಪ್ಪ ತಂದಾಕ್ತಾನಾ?"