ತಂಗಿಯ ನೋವಿಗೆ ನಾನು ಹೇಳಿದ ಉತ್ತರ

ನನ್ನ ಮೇಲೆ ನನಗೆ ಇನ್ನೂ ಸಿಟ್ಟು ಇಳಿದಿಲ್ಲ. ತಂಗಿಗೆ ರಾಮನಗರದ ಆಸ್ಪತ್ರೆಯಲ್ಲಿ ಗರ್ಭಕೋಶ ತೆಗೆದರು. ಅವಳ ಗಂಡನಿಗೆ ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ರಜೆ ಸಿಗಲಿಲ್ಲ. ಹಾಗಾಗಿ ಹಗಲು ಹೊತ್ತು ಅವಳ ಮಂಚದ ಪಕ್ಕ ಕೂತವನು ನಾನು.

ಆಪರೇಷನ್ ಆದ ಮಾರನೇ ದಿನ ಬೆಳಿಗ್ಗೆ ನರ್ಸಮ್ಮ ಬಂದು ಕೇಳಿದರು. "ನೋವು ಎಷ್ಟಿದೆಯಮ್ಮಾ? ಏನೂ ಇಲ್ಲ ಅಂದ್ರೆ ಸೊನ್ನೆ, ತಡೆಯೋಕೇ ಆಗಲ್ಲ ಅಂದ್ರೆ ಹತ್ತು."

ತಂಗಿ ನನ್ನ ಮುಖ ನೋಡಿದಳು. ನಮ್ಮ ಮನೆಯಲ್ಲಿ ಹೊರಗಿನವರು ಏನು ಕೇಳಿದರೂ ಗಂಡಸರೇ ಉತ್ತರ ಕೊಡುವುದು. ಅವಳನ್ನು ನೋಡಲು ಗಂಡಿನ ಕಡೆಯವರು ಬಂದು ಹೆಸರು ಕೇಳಿದಾಗಲೂ ಹೇಳಿದವನು ನಾನೇ. ಇಲ್ಲೂ ಬಾಯಿ ಹಾಕಿದೆ.

"ಎರಡು ಅಂತ ಬರ್ಕೊಳಿ ಸಿಸ್ಟರ್. ದಿನಾ ಬಿಸಿನೀರಿಗೆ ಕೈ ಹಾಕಿ ರೇಷ್ಮೆಗೂಡು ಬಿಚ್ಚೋಳು. ಇದ್ಯಾವ ಲೆಕ್ಕ ಅವ್ಳಿಗೆ?"

ಪಕ್ಕದ ಮಂಚದ ಅಜ್ಜಿ, "ಹೊಟ್ಟೆ ಕುಯ್ದಿರೋದು ನಿಂಗೋ ಅವ್ಳಿಗೋ ಮಗಾ?" ಅಂತ ನಕ್ಕಳು. ನಾನೂ ಹಲ್ಲು ಕಿರಿದೆ. ನರ್ಸಮ್ಮ ಎರಡು ಅಂತಲೇ ಬರೆದುಕೊಂಡು ಹೋದರು. ಅವರ ಮೇಲೂ ನನಗೆ ಸಿಟ್ಟಿದೆ. ಕೇಳಿದ್ದು ತಂಗಿಯನ್ನು, ಬರೆದದ್ದು ನನ್ನ ಮಾತನ್ನು.

ಎರಡು ಅಂದವರಿಗೆ ಮಾತ್ರೆ ಸಾಕು, ಅಷ್ಟೇ ಕೊಟ್ಟರು. ಕೆಮ್ಮಿ ಕಫ ಉಗಿಯಬೇಕು, ಎದ್ದು ನಡೆಯಬೇಕು ಅಂತ ಡಾಕ್ಟರು ಹೇಳಿದ್ದರು. ಇವಳೋ ಕೆಮ್ಮು ಬಂದರೆ ಬಾಯಿಗೆ ಸೆರಗು ತುರುಕಿ ತಡೆದುಕೊಳ್ಳುತ್ತಿದ್ದಳು. ಏಳು ಅಂದರೆ ಏಳಲಿಲ್ಲ.

"ಒಸಿ ಗಟ್ಟಿಯಾಗು, ಜನ ನೋಡ್ತಾವ್ರೆ" ಅಂತ ಗದರಿದೆ. ನೆನೆದರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಮರುದಿನ ಜ್ವರ ಬಂತು. ಉಸಿರು ಮೇಲೆಮೇಲೆಯೇ ಆಡುತ್ತಿತ್ತು. ಎದೆಯಲ್ಲಿ ಕಫ ಕಟ್ಟಿದೆ, ಕೆಮ್ಮದಿದ್ದರೆ ಜೀವಕ್ಕೇ ಕಷ್ಟ ಅಂದರು ಡಾಕ್ಟರು. ಆಗ ಬಂದದ್ದು ಬೇರೆ ನರ್ಸಮ್ಮ. ನಾನು ಬಾಯಿ ತೆರೆಯುವ ಮೊದಲೇ, "ನೀವು ಒಸಿ ಆಚೆ ನಡೀರಿ" ಅಂದು ಪರದೆ ಎಳೆದರು. ಆಚೆ ನಿಂತವನಿಗೆ ಎಲ್ಲ ಕೇಳಿಸಿತು.

"ಒಂಬತ್ತು ಸಿಸ್ಟರ್. ನಿನ್ನೆಯಿಂದ್ಲೂ ಒಂಬತ್ತೇ."

ಆಮೇಲೆ ಅವಳು ಅತ್ತಳು.

ನೋವಿಗೆ ಕೊಟ್ಟ ಇಂಜೆಕ್ಷನ್ ಹಿಡಿದ ಮೇಲೆ ದಿಂಬು ಹೊಟ್ಟೆಗೆ ಒತ್ತಿಕೊಂಡು ಕೆಮ್ಮಿದಳು, ಕಫ ಬಂತು. ನಾಚಿಕೆಗೆಟ್ಟ ನಾನು ಆಗಲೂ ಅವಳ ಮೇಲೇ ರೇಗಿದೆ.

"ಅಷ್ಟು ನೋವಿದ್ರೆ ಬಾಯ್ಬುಟ್ಟು ಹೇಳ್ಬಾರ್ದಾ?"

"ನೀನು ಹೇಳ್ಬುಟ್ಟಿದ್ಯಲ್ಲಣ್ಣ," ಅಂದಳು. "ಅಷ್ಟು ಜನದ ಮುಂದೆ ನಾನು ಬೇರೆ ಹೇಳಿದ್ರೆ ನಿನ್ನ ಮರ್ವಾದೆ ಏನಾಯ್ತಿತ್ತು?"